ಯಾದವನ ಮುಷ್ಟಿಯೂ ವಾಸುವಿನ ಮೂಗೂ

ದೇವರು ಬೆಂಗ್ರೆಯ ಯಾದವನನ್ನು ಮಾಡುವಾಗ ಎದೆ, ಭುಜ, ತೊಡೆಗಳಿಗೆಲ್ಲ ಧಾರಾಳವಾಗಿ ಮಾಂಸ ಹಾಕಿ, ಕೈಗಳ ಹೊತ್ತಿಗೆ ಜಿಪುಣನಾಗಿಬಿಟ್ಟಿದ್ದ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಬೇರೆಯವರ ಬೆರಳು ತೊಡೆಯ ನಡುವಿಗೆ ಬರುತ್ತದಲ್ಲ, ಅವನದು ಸೊಂಟದಿಂದ ಸ್ವಲ್ಪ ಕೆಳಗೆ ಬಂದು ನಿಲ್ಲುತ್ತಿತ್ತು. ಬಲೆ ಬೀಸಲಿಕ್ಕೆ, ಹುಟ್ಟು ಹಾಕಲಿಕ್ಕೆ, ಗಂಜಿ ಉಣ್ಣಲಿಕ್ಕೆ ಅಷ್ಟು ಉದ್ದ ಸಾಕು. ಹಾಗಾಗಿ ಮದುವೆಯಾಗಿ ಸಂಸಾರ ಹೂಡುವವರೆಗೂ ತನ್ನ ಕೈ ಗಿಡ್ಡ ಎಂಬ ಸಂಗತಿ ಅವನಿಗೆ ಗೊತ್ತೇ ಇರಲಿಲ್ಲ. ಅದನ್ನು ತಿಳಿಸಿಕೊಟ್ಟವನು ಉಸ್ಮಾನ್.

ಉಸ್ಮಾನ್ ಬಂದರಿನವನು. ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆಂದು ಹೋಗಿ, ಹಡಗು ನಿಂತ ನಿಂತ ಊರಿನಲ್ಲಿ ಬಾಕ್ಸಿಂಗ್ ಕಲಿತು, ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲು ಮಂಗಳೂರಿಗೆ ಮರಳಿದ್ದ. ಒಣ ಸೀಗಡಿಯಂತೆ ಮುದುಡಿದ ಒಂದು ಕಿವಿ, ಎರಡು ಜೊತೆ ಚರ್ಮದ ಗವುಸು, ಬೇಕಾದಷ್ಟು ಕತೆಗಳು ಇವು ಅವನು ತಂದ ಆಸ್ತಿ. ಸಿಂಗಾಪುರದಲ್ಲಿ ಅವನು ಕೆಡವಿದ ಬಿಳಿಯ ಮೊದಲ ಸಲ ಕತೆ ಹೇಳುವಾಗ ನಮ್ಮ ನಿಮ್ಮಷ್ಟೇ ಎತ್ತರದವನು; ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ತಲೆ ಬಗ್ಗಿಸಬೇಕಾದಷ್ಟು ಬೆಳೆದಿದ್ದ. ಈ ವಿದ್ಯೆಯನ್ನು ಊರಿಗೆ ಹಂಚಬೇಕೆಂದು ಉಸ್ಮಾನ್ ಹೊರಟಾಗ ಅವನ ಹೆಂಡತಿ ಖತೀಜಮ್ಮ, "ನನ್ನ ಅಂಗಳದಲ್ಲಿ ಬಡಿದಾಡುವವರಿಗೆ ನನ್ನ ಒಲೆಯಲ್ಲಿ ಗಂಜಿ ಇಲ್ಲ" ಎಂದಳು. ಹೀಗೆ ವಿದ್ಯೆ ಹೊಳೆ ದಾಟಿ ಬೆಂಗ್ರೆಯ ಹೊಯಿಗೆಗೆ, ಅಂದರೆ ಮರಳ ದಂಡೆಗೆ, ಬಂತು.

ಬೆಂಗ್ರೆಯಲ್ಲಿ ಅದನ್ನು ಕೈಗೆತ್ತಿಕೊಂಡವರು ಇಬ್ಬರು, ಯಾದವ ಮತ್ತು ವಾಸು. ಯಾದವನ ಹೆಂಡತಿ ಸುಂದರಿ ವಾಸುವಿನ ತಂಗಿ. ಹಾಗಾಗಿ ಇವರು ಒಬ್ಬರಿಗೊಬ್ಬರು ಭಾವ. ಒಂದೇ ದೋಣಿ, ಒಂದೇ ಬಲೆ, ಬೀಡಿಯೂ ಹೆಚ್ಚುಕಡಿಮೆ ಒಂದೇ. ವಾಸು ಉದ್ದ ಆಳು. ಅವನ ಹೆಮ್ಮೆ ಅವನ ಕಣ್ಣು. ಏನು ಎದುರು ಬಂದರೂ ಅವನು ರೆಪ್ಪೆ ಬಡಿಯುವವನಲ್ಲ. ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯಲ್ಲಿ ತೆರೆಗಳು ಒಂದರ ಮೇಲೊಂದು ಬಿದ್ದು ಬರುವಾಗ, ಇಡೀ ದೋಣಿ ಕುಲದೇವರನ್ನು ಕೂಗುತ್ತಿದ್ದರೆ, ವಾಸು ತೆರೆಯನ್ನು ನೆಂಟರನ್ನು ನೋಡುವ ಹಾಗೆ ನೋಡುತ್ತಿದ್ದ. ದೋಣಿಯ ಯಜಮಾನ, ಊರವರೆಲ್ಲ ತಂಡೇಲರು ಎಂದು ಕರೆಯುವ ಮುದುಕ, ಅದನ್ನು ಗಮನಿಸಿದ್ದರು. ಅವರ ಮೊಣಕಾಲು ಕೈಕೊಡುತ್ತಿತ್ತು. ತಮ್ಮ ನಂತರ ಚುಕ್ಕಾಣಿ ವಾಸುವಿಗೆ ಎಂದು ಅವರು ಬಾಯಿಬಿಟ್ಟು ಹೇಳದಿದ್ದರೂ ಬೆಂಗ್ರೆಯ ಕಾಗೆಗಳಿಗೂ ಅದು ಗೊತ್ತಿತ್ತು.

ಮೊದಲ ದಿನವೇ ಉಸ್ಮಾನ್ ಇಬ್ಬರನ್ನೂ ಎದುರುಬದುರು ನಿಲ್ಲಿಸಿದ. ವಾಸುವಿನ ಮುಷ್ಟಿ ಯಾದವನ ಮೂಗಿಗೆ ಆರಾಮವಾಗಿ ತಾಗಿತು. ಯಾದವನ ಮುಷ್ಟಿ ದಾರಿಯಲ್ಲೇ ಮುಗಿಯಿತು.

"ಎಂತ ಮಾರಾಯ, ನಿನ್ನ ಕೈ ಬಾಕಿ ಅರ್ಧ ಮನೆಯಲ್ಲಿ ಬಿಟ್ಟು ಬಂದಿದ್ದೀಯಾ?" ಎಂದ ಉಸ್ಮಾನ್.

ಯಾದವನಿಗೆ ಅದು ನಾಟಿತು. ಮಾರನೆಯ ದಿನದಿಂದ ಅವನು ಕೈ ಉದ್ದ ಮಾಡುವ ಸಾಧನೆಗೆ ಬಿದ್ದ. ಗೋಳಿಮರದ ಕೊಂಬೆಗೆ ಜೋತುಬಿದ್ದ. ತಾಯಿ ಅಪ್ಪಿಯಿಂದ ಎಣ್ಣೆ ಹಾಕಿಸಿ ಎಳೆಸಿಕೊಂಡ. "ಸಣ್ಣವನಿರುವಾಗ ಎಳೆದಿದ್ದರೆ ಬರ್ತಿತ್ತೋ ಏನೋ" ಎಂದು ಅಪ್ಪಿ ನಿಟ್ಟುಸಿರುಬಿಟ್ಟಳು. ಬಾಗಿಲ ದಾರಂದದ ಮೇಲೆ ಇದ್ದಲಿನ ಗೀಟು ಹಾಕಿ ದಿನಾ ಬೆಳಗ್ಗೆ ಅಳೆದು ನೋಡಿದ. ಗೀಟು ಮಾಸಿತೇ ಹೊರತು ಕೈ ಬೆಳೆಯಲಿಲ್ಲ.

ಕೊನೆಗೆ ಉಸ್ಮಾನನೇ ಬೈದು ಬುದ್ಧಿ ಹೇಳಿದ. "ಕೈ ಬೆಳೆಯುದಿಲ್ಲ ಮಾರಾಯ, ಅದರ ಆಸೆ ಬಿಡು. ಕೈಯ ಹಿಂದೆ ನಿನ್ನ ಇಡೀ ಮೈ ಉಂಟಲ್ಲ, ಅದನ್ನು ಕಳಿಸು. ಹಿಮ್ಮಡಿ ತಿರುಗಿಸು, ಸೊಂಟ ತಿರುಗಿಸು, ಭುಜ ಗಲ್ಲಕ್ಕೆ ತಾಗುವ ಹಾಗೆ ಮುಂದೆ ಬಿಡು. ಮುಂದಿನ ಕಾಲು ಒಂದು ಗೇಣು ಜಾರಲಿ. ಬೀಸುಬಲೆ ಎಸೆಯುವಾಗ ಕೈಯಿಂದ ಎಸೀತೀಯಾ? ಮೈಯಿಂದ ಎಸೀತೀ ಅಲ್ವಾ? ಹಾಗೆ."

ಇದು ಯಾದವನಿಗೆ ಕೂಡಲೇ ಅರ್ಥವಾಯಿತು. ಬಲೆ ಎಸೆಯುವ ಮೈ ಅವನಿಗೆ ಹುಟ್ಟಿನಿಂದಲೇ ಇತ್ತು. ಕೆಲವೇ ವಾರಗಳಲ್ಲಿ ಗಿಡ್ಡ ಕೈಯ ಮುಷ್ಟಿ ಉದ್ದ ಕೈಯವನ ಮೂಗು ಮುಟ್ಟತೊಡಗಿತು. ಆಮೇಲೆ ಶುರುವಾದದ್ದು ಕಷ್ಟದ ಪಾಠ: ಮುಟ್ಟದೆ ನಿಲ್ಲಿಸುವುದು. ಉಸ್ಮಾನ್ ಇಬ್ಬರ ಸೊಂಟಕ್ಕೂ ಒಂದು ಗಾಳದ ನೂಲು ಕಟ್ಟಿ ನಡೆಸಿದ. ಒಬ್ಬ ಹಿಂದೆ ಹೋದರೆ ಇನ್ನೊಬ್ಬ ಮುಂದೆ. ನೂಲು ಬಿಗಿಯಬಾರದು, ನೆಲಕ್ಕೆ ಜೋಲಬಾರದು. ಬಳಿಕ ಗವುಸು ಕಳಚಿಸಿ ಯಾದವನ ಗೆಣ್ಣುಗಳಿಗೆ ತನ್ನ ಎಲೆಯಡಿಕೆಯ ಡಬ್ಬಿಯಿಂದ ಸುಣ್ಣ ಸವರಿದ. ಪೂರ್ತಿ ವೇಗದಲ್ಲಿ ಹೊಡೆಯಬೇಕು, ವಾಸುವಿನ ಮೂಗಿಗೆ ಒಂದು ಬೆರಳು ಅಂತರ ಇರುವಾಗ ಮುಷ್ಟಿ ನಿಲ್ಲಬೇಕು. ಮೊದಮೊದಲು ವಾಸು ಮನೆಗೆ ಹೋಗುವಾಗ ಬಿಳಿ ಮೂಗಿನಲ್ಲೇ ಹೋಗುತ್ತಿದ್ದ. ಮಕ್ಕಳು ಹಿಂದೆ ಬಿದ್ದು ನಗುತ್ತಿದ್ದರು. ಸುಗ್ಗಿ ಕಳೆಯುವ ಹೊತ್ತಿಗೆ ಮೂಗು ಸ್ವಚ್ಛವಾಗಿ ಮರಳತೊಡಗಿತು. ಮುಷ್ಟಿ ಬಂದು ನಿಲ್ಲುವಾಗ ಅದರ ಗಾಳಿ ತಾಗುತ್ತದೆ ಎಂದು ವಾಸು ಹೇಳುತ್ತಿದ್ದ. ಅವನು ರೆಪ್ಪೆ ಬಡಿಯುತ್ತಿರಲಿಲ್ಲ. ಯಾದವನ ವಿದ್ಯೆ ಅರ್ಧ ವಾಸುವಿನ ಆ ಅಲುಗದ ಮುಖದಲ್ಲೇ ಇತ್ತು. ಆದರೆ ಹೊಗಳುವವರೆಲ್ಲ ಮುಷ್ಟಿಯನ್ನು ಹೊಗಳುತ್ತಿದ್ದರು, ಮೂಗನ್ನು ಹೊಗಳಿದವರನ್ನು ನಾನು ಕೇಳಿಲ್ಲ.

ಸುದ್ದಿ ಹೊಳೆ ದಾಟಿ ರೈಟರ್ ದುಗ್ಗಪ್ಪನವರ ಕಿವಿಗೆ ಬಿತ್ತು. ದುಗ್ಗಪ್ಪನವರು ಒಂದು ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರು, ಅದಕ್ಕಿಂತ ಹೆಚ್ಚಾಗಿ ಬಲವರ್ಧಕ ಸಂಘದ ಅಧ್ಯಕ್ಷರು. ಅವರಿಗೆ ಸ್ವತಃ ನೆಲ್ಲಿಕಾಯಿಯಷ್ಟು ಸ್ನಾಯುವೂ ಇರಲಿಲ್ಲ. ಆದರೆ ದೇಹಬಲದ ಬಗ್ಗೆ ಅವರು ಮಾತಾಡಲು ನಿಂತರೆ ಪೈಲ್ವಾನರು ಸುಸ್ತಾಗಿ ಕೂತುಬಿಡುತ್ತಿದ್ದರು. ಬಲ್ಮಠದ ಒಂದು ಸಭಾಭವನದಲ್ಲಿ ಸಂಘದ ವಾರ್ಷಿಕೋತ್ಸವ. ರಕ್ತ ಕಾಣದ ಬಾಕ್ಸಿಂಗ್ ಉಂಟೆಂದು ಕೇಳಿ ಅವರಿಗೆ ಬಹಳ ಸಂತೋಷವಾಯಿತು. "ಮೂಗಿನ ಮುಂದೆ ಮುಷ್ಟಿ" ಎಂದು ಕಾರ್ಯಕ್ರಮಕ್ಕೆ ಹೆಸರನ್ನೂ ಅವರೇ ಇಟ್ಟರು.

ಹಿಂದಿನ ದಿನ ಉಸ್ಮಾನ್ ಯಾದವನನ್ನು ಕರೆದು ಹೇಳಿದ, "ನಾಳೆ ಬೆಳಿಗ್ಗೆಯೇ ಹೋಗಿ ಆ ನೆಲದಲ್ಲಿ ಹತ್ತಿಪ್ಪತ್ತು ಸಲ ಗಾಳಿಗೆ ಹೊಡೆದು ನೋಡು. ನೀನು ಕಲಿತದ್ದು ಹೊಯಿಗೆಯಲ್ಲಿ. ಅಲ್ಲಿರುದು ಹಂಚಿನ ನೆಲ. ಕಾಲು ಬೇರೆ ಲೆಕ್ಕ ಹೇಳ್ತದೆ. ಮರೀಬೇಡ."

"ಆಯ್ತು ಉಸ್ತಾದ್" ಎಂದ ಯಾದವ.

ಅವನು ಮರೆಯಲಿಲ್ಲ. ಬೆಳಿಗ್ಗೆಯೇ ಹೊಳೆ ದಾಟಿದ. ಆದರೆ ಬಂದರಿನಿಂದ ಬಲ್ಮಠಕ್ಕೆ ಹೋಗುವ ದಾರಿಯಲ್ಲಿ ಕ್ಷೌರದಂಗಡಿ ಉಂಟು, ಮತ್ತು ಆ ಅಂಗಡಿಯಲ್ಲಿ ದೊಡ್ಡ ಕನ್ನಡಿ ಉಂಟು. ನೂರಾರು ಜನರ ಎದುರು ನಿಲ್ಲುವವನ ತಲೆ ಹೀಗಿರಬಾರದು ಎಂದು ಅವನಿಗೆ ತೋರಿತು. ಕ್ಷೌರಿಕನೂ, "ಇವತ್ತು ಬಾಕ್ಸಿಂಗ್ ಮಾಡುವವರು ನೀವೇ ಅಲ್ವಾ?" ಎಂದುಬಿಟ್ಟ. ಆಮೇಲೆ ಯಾವ ಮನುಷ್ಯ ಬೇಗ ಏಳುತ್ತಾನೆ? ಬೈತಲೆ ಬಲಕ್ಕೋ ಎಡಕ್ಕೋ ಎಂಬ ಚರ್ಚೆ ಮುಗಿದು, ಮೀಸೆಗೆ ಎಣ್ಣೆ ಹತ್ತಿ, ಯಾದವ ಭವನ ಮುಟ್ಟುವಾಗ ಒಳಗೆ ಕುರ್ಚಿಗಳು ತುಂಬಿದ್ದವು, ಪ್ರಾರ್ಥನೆ ಶುರುವಾಗಿತ್ತು.

"ನೆಲ ನೋಡಿದಿಯಾ?" ಉಸ್ಮಾನ್ ಪಿಸುಗುಟ್ಟಿದ.

"ನೋಡಿದೆ ಉಸ್ತಾದ್."

ದುಗ್ಗಪ್ಪನವರು ಭೀಮಸೇನನಿಂದ ಹಿಡಿದು ನಿನ್ನೆ ಮೊನ್ನೆಯವರೆಗಿನ ದೇಹಬಲದ ಇತಿಹಾಸ ಹೇಳಿ ಮುಗಿಸಿದ ಮೇಲೆ ಇಬ್ಬರೂ ನಡುವಿಗೆ ಬಂದರು. ನೆಲ ಕೆಂಪು ಹಂಚಿನದು. ಉತ್ಸವಕ್ಕೆಂದು ಒರೆಸಿ ಒರೆಸಿ ಅದರಲ್ಲಿ ದೀಪದ ಬಿಂಬ ಕಾಣುತ್ತಿತ್ತು. ವಾಸು ಎಂದಿನ ಅಳತೆಯಲ್ಲಿ, ಎಂದಿನ ಹಾಗೆ ಕಣ್ಣು ತೆರೆದು ನಿಂತ. ಯಾದವ ಜನರ ಕಡೆ ಒಮ್ಮೆ ನೋಡಿ, ಬೈತಲೆ ಸರಿ ಉಂಟೆಂದು ಮನಸ್ಸಿನಲ್ಲೇ ಖಾತ್ರಿ ಮಾಡಿಕೊಂಡು, ಹಿಮ್ಮಡಿ ತಿರುಗಿಸಿ ಮೈಯನ್ನೆಲ್ಲ ಕಳಿಸಿದ.

ಹೊಯಿಗೆಯಲ್ಲಿ ಹಿಂದಿನ ಕಾಲು ಒತ್ತಿದಾಗ ಅರ್ಧ ಬಲವನ್ನು ಹೊಯಿಗೆಯೇ ತಿಂದುಬಿಡುತ್ತದೆ, ಮುಂದಿನ ಕಾಲನ್ನೂ ಅದೇ ಹಿಡಿದು ನಿಲ್ಲಿಸುತ್ತದೆ. ಹಂಚಿನ ನೆಲ ಏನನ್ನೂ ತಿನ್ನಲಿಲ್ಲ, ಏನನ್ನೂ ಹಿಡಿಯಲಿಲ್ಲ. ಗೇಣು ಜಾರಬೇಕಾದ ಕಾಲು ಗೇಣಿನ ಮೇಲೆ ನಾಲ್ಕು ಬೆರಳು ಜಾರಿತು. ತೆಂಗಿನ ಗೆರಟೆ ಒಡೆದ ಹಾಗೆ ಒಂದು ಸದ್ದು. ವಾಸು ಎರಡೂ ಕೈಯಲ್ಲಿ ಮುಖ ಮುಚ್ಚಿ ಕೂತ. ಬೆರಳ ಸಂದಿನಿಂದ ರಕ್ತ ಹಂಚಿನ ಮೇಲೆ ಬಿತ್ತು.

"ಎಂತ ಆಯ್ತು? ಎಂತ ಆಯ್ತು?" ದುಗ್ಗಪ್ಪನವರು ಓಡಿಬಂದರು.

ಯಾದವನಿಗೆ ಎಂತ ಆಯ್ತೆಂದು ಪೆಟ್ಟು ಬಿದ್ದ ಕ್ಷಣದಲ್ಲೇ ಗೊತ್ತಾಗಿತ್ತು. ಕಾಲು ಹೇಳಿತ್ತು. ಆದರೆ ನೂರಾರು ಕಣ್ಣುಗಳು ಅವನ ಮೇಲಿದ್ದವು, ತಲೆಗೆ ಎಣ್ಣೆ ಹಚ್ಚಿ ಬಾಚಿಯಾಗಿತ್ತು.

"ಅವನು ಮುಂದೆ ಬಂದ" ಎಂದ.

ವಾಸುವಿನ ಮೂಗಿನ ಎಲುಬನ್ನು ನಾಟಿ ವೈದ್ಯರು ಕೂಡಿಸಿದರು. ಅದು ಕೂಡಿತು, ಆದರೆ ಎಡಕ್ಕೆ ತಿರುಗಿಕೊಂಡು ಕೂಡಿತು. ಯಾದವ ನೋಡಲು ಹೋದಾಗ ವಾಸು ಬಟ್ಟೆ ಕಟ್ಟಿದ ಮುಖದಲ್ಲೇ ಎದ್ದು ಕೂತ. "ಭಾವ, ನೀನು ಬೇಸರ ಮಾಡಬೇಡ. ನನ್ನಿಂದ ನಿನ್ನ ಮರ್ಯಾದೆ ಹೋಯ್ತು. ನಾನು ಎಂತಕ್ಕೆ ಮುಂದೆ ಬಂದೆನೋ ನನಗೇ ಗೊತ್ತಿಲ್ಲ. ಜನ ನೋಡಿ ಹೆದರಿದೆನಾ ಏನು?" ಎಂದ.

ಆಗಲೇ ಹೇಳಬಹುದಿತ್ತು. ಯಾದವ ಬಾಯಿ ತೆರೆದದ್ದೂ ಹೌದು. "ನೋವು ಉಂಟಾ?" ಎಂದು ಕೇಳಿ ಮುಚ್ಚಿದ.

ಉಸ್ಮಾನ್ ಮತ್ತೊಮ್ಮೆ, "ನೆಲ ನೋಡಿದ್ದು ಹೌದು ಅಲ್ವಾ?" ಎಂದು ಕೇಳಿದ. ಹೌದು ಎಂದ ಮೇಲೆ ಅವನಾದರೂ ಏನು ಮಾಡುತ್ತಾನೆ? ಒಂದು ಹಡಗು ಸಿಕ್ಕಿತು, ಹೊರಟುಹೋದ. ಸತ್ಯ ಈಗ ಒಬ್ಬನ ಹೊಟ್ಟೆಯಲ್ಲಿ ಮಾತ್ರ ಉಳಿಯಿತು.

ಮಳೆಗಾಲ ಬಂತು. ದೋಣಿಗಳು ಮೇಲೆ ಬಂದು ತೆಂಗಿನ ಮಡಲಿನ ಕೆಳಗೆ ಮಲಗಿದವು. ಬಲೆ ಹೆಣೆಯುತ್ತ ಕೂತವರಿಗೆ ಮಾತಿಗೆ ವಿಷಯ ಬೇಕಲ್ಲ, ವಾಸುವಿನ ಮೂಗು ಸಿಕ್ಕಿತು. ಮುಷ್ಟಿ ಕಂಡು ತತ್ತರಿಸಿ ಮುಂದೆ ಬಿದ್ದವನು ಅಳಿವೆಯಲ್ಲಿ ತೆರೆ ಕಂಡು ಎಂತ ಮಾಡಿಯಾನು ಎಂದು ಯಾರೋ ಕೇಳಿದರು. ತಂಡೇಲರಿಗೂ ಅದು ಸರಿ ಎನಿಸಿತು. ಮಳೆ ಕಳೆದು ಸಮುದ್ರಪೂಜೆಯ ದಿನ ಚುಕ್ಕಾಣಿ ಯಾದವನಿಗೆ ಕೊಡುವುದೆಂದು ಅವರು ಹೇಳಿಬಿಟ್ಟರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ವಾಸು ತಲೆಯಾಡಿಸಿದ. "ಸರಿಯೇ. ನನಗೆ ನನ್ನ ಮೇಲೆ ಧೈರ್ಯ ಇಲ್ಲ ಈಗ" ಎಂದ. ಅಂಗಳದಲ್ಲಿ ಒಂದು ತೆಂಗಿನಕಾಯಿ ಬಿದ್ದರೂ ಅವನು ಬೆಚ್ಚಿ ರೆಪ್ಪೆ ಬಡಿಯುವುದನ್ನು ಯಾದವ ಕಣ್ಣಾರೆ ಕಂಡ.

ಪಶ್ಚಾತ್ತಾಪ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆಂದು ಕೇಳಿದ್ದೇನೆ. ಯಾದವನನ್ನು ಅದು ಮೊದಲಿಗೆ ಕಿರಿಕಿರಿಯವನನ್ನಾಗಿ ಮಾಡಿತು. ವಾಸುವಿನ ಬಲೆಯನ್ನು ತಾನೇ ಹೊತ್ತ. ವಾಸು ಕೂತಲ್ಲಿಗೆ ಮಣೆ ತಂದ. ತನ್ನ ತಟ್ಟೆಯ ಒಣಮೀನು ವಾಸುವಿನ ತಟ್ಟೆಗೆ ಹಾಕಿದ. ಒಮ್ಮೆ ಎಲ್ಲರೆದುರು, "ಮೂಗು ಮೊದಲಿಗಿಂತ ಈಗ ಚೆಂದ ಕಾಣ್ತದೆ ಭಾವ" ಎಂದೂ ಅಂದ.

ಸುಂದರಿ ಹೊಳೆಯಾಚೆಯ ಫಳ್ನೀರಿನವರೆಗೆ ಬುಟ್ಟಿ ಹೊತ್ತು ಮೀನು ಮಾರುವವಳು. ಮೀನಿನ ಕಣ್ಣು ನೋಡಿ ಅದರ ವಯಸ್ಸು ಹೇಳುವವಳಿಗೆ ಗಂಡನ ಕಣ್ಣು ಓದಲು ಕಷ್ಟವೇ?

"ನಿಮಗೆ ಎಂತ ಆಗಿದೆ? ಅಣ್ಣನ ಹಿಂದೆ ಹೊಸ ಮದುಮಗಳ ಹಾಗೆ ಸುತ್ತುತ್ತಿದ್ದೀರಿ."

"ಎಂತ ಇಲ್ಲ."

"ಎಂತ ಇಲ್ಲದವರು ಒಣಮೀನು ಬಿಡುದಿಲ್ಲ. ಹೇಳಿ."

ಹೇಳಿದ. ಕ್ಷೌರದಂಗಡಿ, ಕನ್ನಡಿ, ಬೈತಲೆ ಎಲ್ಲ ಹೇಳಿದ. ಸುಂದರಿ ಹೆಚ್ಚುತ್ತಿದ್ದ ಈರುಳ್ಳಿಯನ್ನು ಹೆಚ್ಚಿ ಮುಗಿಸಿದಳು. ಬಳಿಕ, "ಒಂದು ಬೈತಲೆಗೆ ನನ್ನ ಅಣ್ಣನನ್ನು ಹೆದರುಪುಕ್ಕಲ ಮಾಡಿದಿರಿ" ಎಂದಳು. "ಚುಕ್ಕಾಣಿ ಮುಟ್ಟುವುದಕ್ಕೆ ಮೊದಲು ಹೇಳಬೇಕು. ಇಲ್ಲದಿದ್ದರೆ ನಾನೇ ಹೇಳ್ತೇನೆ, ನಾನು ಹೇಳಿದರೆ ಮೀನು ಮಾರುವ ಸ್ವರದಲ್ಲಿ ಹೇಳುದು."

ಯಾದವ ತಂಡೇಲರ ಜಗಲಿಗೆ ಹೋದ. ಅಲ್ಲಿ ಐದಾರು ಮಂದಿ ಬಲೆ ಹೆಣೆಯುತ್ತಿದ್ದರು, ವಾಸುವೂ ಇದ್ದ.

"ತಂಡೇಲರೇ, ಆ ದಿನ ವಾಸು ಮುಂದೆ ಬರಲಿಲ್ಲ. ತಪ್ಪು ನನ್ನದು. ನನ್ನ ಕಾಲು ಜಾರಿದ್ದು."

ತಂಡೇಲರು ಕನ್ನಡಕ ಹಣೆಗೇರಿಸಿ ಅವನನ್ನೇ ನೋಡಿದರು. ಅವರ ಕಣ್ಣು ಒದ್ದೆಯಾಯಿತು. "ನೋಡಿ ಮಾರಾಯ್ರೆ! ಭಾವನ ಮಾನ ಉಳಿಸಲಿಕ್ಕೆ ತನ್ನ ಮೇಲೆ ಹಾಕಿಕೊಳ್ತಾನೆ. ಎಂಥ ದೊಡ್ಡ ಮನಸ್ಸು! ಚುಕ್ಕಾಣಿ ಇಂಥವನ ಕೈಯಲ್ಲೇ ಇರಬೇಕು."

ಕೂತವರೆಲ್ಲ ತಲೆದೂಗಿದರು. ಇಷ್ಟು ಹೊಗಳಿಕೆ ಯಾದವನಿಗೆ ಸತ್ಯ ಹೇಳಿದ್ದಕ್ಕೆ ಹಿಂದೆಂದೂ ಸಿಕ್ಕಿರಲಿಲ್ಲ. ಅರೆಕ್ಷಣ, ಅರೆಕ್ಷಣವೇ, ಅದು ಹಿತವಾಗಿಯೂ ಇತ್ತು ಎಂಬುದು ಆಮೇಲೆ ಅವನನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟಿತು. ವಾಸು ಮಾತ್ರ ಎದ್ದು ನಿಂತ. "ನನಗೆ ಭಿಕ್ಷೆ ಬೇಡ ಭಾವ. ಮೂಗು ಮುರಿದದ್ದು ಸಾಕು, ಮೇಲಿಂದ ಕನಿಕರ ಎಂತಕ್ಕೆ?" ಎಂದು ಮಳೆಯಲ್ಲೇ ಹೊರಟುಹೋದ.

"ನಂಬುದಿಲ್ಲ ಮಾರಾಯ್ತಿ!" ಎಂದು ಯಾದವ ಮನೆಗೆ ಬಂದು ತಲೆ ಚಚ್ಚಿಕೊಂಡ.

"ಹೇಳಿದರೆ ಯಾರು ನಂಬ್ತಾರೆ? ಆ ದಿನ ನೀವು ಹೇಳಿದ ಸುಳ್ಳನ್ನೇ ಎಲ್ಲರೂ ನಂಬಿ ಕೂತಿದ್ದಾರಲ್ಲ. ಮಾಡಿ ತೋರಿಸಿ" ಎಂದು ಸುಂದರಿ ಅಟ್ಟದಿಂದ ಎರಡು ಹಳೆಯ ಮಣ್ಣಿನ ಕುಡಿಕೆ ಇಳಿಸಿಕೊಟ್ಟಳು.

ಸಮುದ್ರಪೂಜೆಯ ಹಿಂದಿನ ದಿನ ಬೆಳಿಗ್ಗೆ, ಮಳೆ ಬಿಟ್ಟಿತ್ತು. ಬೆಂಗ್ರೆಯ ಭಜನಾ ಮಂದಿರದ ಹೊರ ಜಗಲಿಗೆ ಅದೇ ಕೆಂಪು ಹಂಚು ಹಾಸಿದೆ. ಯಾದವ ತಂಡೇಲರನ್ನೂ ವಾಸುವನ್ನೂ ಕಾಡಿ ಬೇಡಿ ಅಲ್ಲಿಗೆ ಕರೆತಂದ. ಕರೆಯದವರೂ ಬಂದರು. ಮೊದಲು ಎದುರಿನ ತೆಂಗಿನಮರದ ಕೆಳಗೆ, ಎರಡು ಮರಗಳ ನಡುವೆ ಹಗ್ಗ ಕಟ್ಟಿ, ಮೂಗಿನ ಎತ್ತರಕ್ಕೆ ಒಂದು ಕುಡಿಕೆ ತೂಗಿಸಿದ. ತನ್ನ ಹಿಂದಿನ ಕಾಲಿನಿಂದ ಕುಡಿಕೆಗೆ ನೂಲಿನಲ್ಲಿ ಅಳತೆ ಹಿಡಿದ. ಹೊಯಿಗೆಯ ಮೇಲೆ ನಿಂತು ಹೊಡೆದ. ಮುಷ್ಟಿ ಕುಡಿಕೆಗೆ ಒಂದು ಬೆರಳು ಇರುವಾಗ ನಿಂತಿತು. ಮತ್ತೆ ಹೊಡೆದ, ಮತ್ತೆ ನಿಂತಿತು. ಬಳಿಕ ಅದೇ ಕುಡಿಕೆಯನ್ನು ಜಗಲಿಯ ಸೂರಿನ ಪಕಾಸಿಗೆ ಕಟ್ಟಿ, ಅದೇ ನೂಲು ಹಿಡಿದು, ಹಂಚಿನ ಮೇಲೆ ನಿಂತು ಹೊಡೆದ. ಕುಡಿಕೆ ಚೂರುಚೂರಾಯಿತು.

"ಕುಡಿಕೆ ಮುಂದೆ ಬಂತಾ ತಂಡೇಲರೇ?" ಎಂದು ಯಾದವ ಏದುಸಿರುಬಿಡುತ್ತ ಕೇಳಿದ.

ತಂಡೇಲರು ನಕ್ಕರು. "ಬೇಕೆಂದೇ ಒಡೆದೆ, ನನಗೆ ಗೊತ್ತಾಗುದಿಲ್ವಾ? ಪಾಪ, ಎಷ್ಟು ಕಷ್ಟಪಡ್ತಾನೆ ನೋಡಿ."

ಯಾದವ ಅಳುವವನಂತೆ ನಿಂತ. ಆಗ ವಾಸು ಎದ್ದು ಬಂದ. ಎರಡನೆಯ ಕುಡಿಕೆ ಎತ್ತಿಕೊಂಡ. ಯಾದವನ ಎದುರು ನಿಂತು ನಿಂತು ಆ ಹೊಡೆತ ಅವನಿಗೂ ಬಾಯಿಪಾಠವಾಗಿತ್ತು. ತೆಂಗಿನಮರದ ಕೆಳಗೆ ಕುಡಿಕೆ ಕಟ್ಟಿ, ತನ್ನ ಉದ್ದ ಕೈಗೆ ತಕ್ಕಂತೆ ಹಿಂದೆ ಸರಿದು, ಹೊಯಿಗೆಯಲ್ಲಿ ಹೊಡೆದ. ನಿಲ್ಲಿಸಿದ. ನಿಲ್ಲುವವರೆಗೆ ಹೊಡೆದು, ಅಳತೆ ಸರಿ ಮಾಡಿಕೊಂಡು, ನೂಲಿಗೆ ಗಂಟು ಹಾಕಿದ. ಆಮೇಲೆ ಜಗಲಿ ಹತ್ತಿ, ಕುಡಿಕೆಯನ್ನು ಪಕಾಸಿಗೆ ಕಟ್ಟಿ, ಆ ಗಂಟಿನ ಅಳತೆಯಲ್ಲೇ ನಿಂತ. ಮುಷ್ಟಿ ನಿಲ್ಲಿಸಬೇಕೆಂದು ಅವನು ಎಷ್ಟು ಮನಸ್ಸಿಟ್ಟಿದ್ದನೆಂದರೆ ಹಲ್ಲು ಕಚ್ಚಿದ್ದು ಹೊರಗೆ ಕಾಣುತ್ತಿತ್ತು. ಹಿಮ್ಮಡಿ ತಿರುಗಿತು. ಮುಂದಿನ ಕಾಲು ಹಂಚಿನ ಮೇಲೆ ಸರ್ರನೆ ಹೋಯಿತು. ಕುಡಿಕೆ ಅವನ ಮುಷ್ಟಿಯಲ್ಲೇ ಒಡೆದು ಅವನ ಕಾಲ ಬುಡದಲ್ಲೇ ಬಿತ್ತು.

ವಾಸು ತನ್ನ ಕಾಲನ್ನು ನೋಡಿದ. ತಂಡೇಲರ ನಗು ನಿಂತಿತು.

"ನಾನು ಮುಂದೆ ಬರಲಿಲ್ಲ" ಎಂದ ವಾಸು.

"ಇಲ್ಲ ಭಾವ."

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಯಾವಾಗಿಂದ?"

"ಪೆಟ್ಟು ಬಿದ್ದಾಗಿಂದ. ನೆಲ ನೋಡಿ ಬಾ ಅಂತ ಉಸ್ತಾದ್ ಹೇಳಿದ್ದರು. ನಾನು ಕ್ಷೌರಕ್ಕೆ ಹೋದೆ."

ಅಲ್ಲಿದ್ದವರಲ್ಲಿ ಯಾರಿಗೋ ನಗು ಬಂದು, ಅದನ್ನು ಕೆಮ್ಮು ಮಾಡಿಕೊಂಡರು. ಈಗ ವಾಸು ಹೊಡೆಯುತ್ತಾನೆಂದು ಎಲ್ಲರೂ ಕಾದರು. ಯಾದವನೂ ಕಾದ, ಅಷ್ಟೇ ಅಲ್ಲ, ಎರಡು ಹೆಜ್ಜೆ ಮುಂದೆ ಬಂದು ಮುಖ ಎತ್ತಿ, ಕಣ್ಣು ಮುಚ್ಚಿ, ನಾಟಕದ ಹರಿಶ್ಚಂದ್ರನಂತೆ ನಿಂತ. "ಹೊಡಿ ಭಾವ. ನನ್ನ ಮೂಗು ಮುರಿ."

"ಕಣ್ಣು ಬಿಡು ಮಾರಾಯ" ಎಂದ ವಾಸು. "ನಿನ್ನ ಮೂಗು ನನಗೆ ಎಂತಕ್ಕೆ? ಮೂಗಿನದ್ದು ನಾನು ಎಂದೋ ಬಿಟ್ಟಿದ್ದೆ. ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಹೋಗುವ ಹಾಗೆ ಮಾಡಿದಿಯಲ್ಲ, ಒಂದು ಇಡೀ ಮಳೆಗಾಲ. ಅದಕ್ಕೆ ಎಲ್ಲಿ ಹೊಡೆಯುದು ಹೇಳು."

ಯಾದವ ಕಣ್ಣು ಬಿಟ್ಟ. ಪೆಟ್ಟು ಬಿದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎಂದು ಅವನು ಮುಂದೆ ಬಹಳ ಸಲ ಸುಂದರಿಯ ಹತ್ತಿರ ಹೇಳಿದ್ದುಂಟು. "ಹಗುರ ಆಗಲಿಕ್ಕೆ ನಿಮಗೆ ಯಾರು ಹೇಳಿದ್ದು?" ಎಂದು ಅವಳು ಕೇಳುತ್ತಿದ್ದಳಂತೆ.

ಮರುದಿನ ಸಮುದ್ರಕ್ಕೆ ಹಾಲು, ತೆಂಗಿನಕಾಯಿ, ಹೂ ಅರ್ಪಿಸಿದ ಮೇಲೆ ತಂಡೇಲರು ಚುಕ್ಕಾಣಿಯನ್ನು ವಾಸುವಿನ ಕೈಗೆ ಕೊಟ್ಟರು. ದೋಣಿ ನೀರಿಗಿಳಿಯಿತು. ಯಾದವ ಯಾರೂ ಹೇಳುವುದಕ್ಕೆ ಮೊದಲೇ ಎಲ್ಲರಿಗಿಂತ ಮುಂದೆ, ಚುಕ್ಕಾಣಿಯಿಂದ ಆದಷ್ಟು ದೂರಕ್ಕೆ ಹೋಗಿ ಕೂತಿದ್ದ.

"ಅಲ್ಲಿ ಅಲ್ಲ" ಎಂದ ವಾಸು. "ಇಲ್ಲಿ ಬಾ."

ತೋರಿಸಿದ್ದು ಚುಕ್ಕಾಣಿಗೆ ತೀರ ಹತ್ತಿರದ ಹಲಗೆ. ಹುಟ್ಟು ಹಾಕುವವರು ದೋಣಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು. ಅಲ್ಲಿ ಕೂತವನಿಗೆ ಎದುರು ಕಾಣುವುದು ಚುಕ್ಕಾಣಿ ಹಿಡಿದವನ ಮುಖ ಒಂದೇ, ಅದೂ ಒಂದು ಮಾರು ಅಂತರದಲ್ಲಿ. ಯಾದವ ಬಂದು ಕೂತ. ಅಳಿವೆ ಹತ್ತಿರವಾಯಿತು, ಬೆನ್ನ ಹಿಂದೆ ತೆರೆಗಳ ಸದ್ದು ಎದ್ದಿತು. ಅವನಿಗೆ ತೆರೆ ಕಾಣುತ್ತಿರಲಿಲ್ಲ. ವಾಸುವಿನ ಎಡಕ್ಕೆ ತಿರುಗಿದ ಮೂಗು, ಅದರ ಮೇಲೆ ರೆಪ್ಪೆ ಬಡಿಯದೆ ತೆರೆಯನ್ನು ನೋಡುತ್ತಿದ್ದ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಆ ಕಣ್ಣುಗಳು ಅವನನ್ನು ನೋಡಲಿಲ್ಲ.

ಆ ವರ್ಷವಿಡೀ ದೋಣಿಯಲ್ಲಿ ವಾಸು ಅವನೊಡನೆ ಆಡಿದ್ದು, "ಎಳೆ" ಮತ್ತು "ಬಿಡು", ಇಷ್ಟೇ. ಯಾದವ ಎಳೆಯೆಂದಾಗ ಎಳೆದ, ಬಿಡೆಂದಾಗ ಬಿಟ್ಟ. ಜಾಗ ಬದಲಿಸಿಕೊಡಿ ಎಂದು ಒಮ್ಮೆಯೂ ಕೇಳಲಿಲ್ಲ.